ಯಾರೂ ಹೊಡೆಯದ ಪೆಟ್ಟು

ಬಡಗಿಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತು ವರ್ಷದಲ್ಲಿ ಅವನು ಮಾಡಿದ ಬಾಗಿಲು, ಕಿಟಕಿಗಳಿಗಿಂತ ಜಗಳಗಳೇ ಹೆಚ್ಚು ಎಂದು ಹೆಂಡತಿಯೇ ಹೇಳುತ್ತಿದ್ದಳು. ಅದರಲ್ಲಿ ಅರ್ಧಪಾಲು ಮರ ಕೊಯ್ಯುವ ಸಾಮಿಲ್ಲಿನವನ ಜೊತೆ. ಹಸಿ ಮರ ಕೊಟ್ಟನೆಂದು ಇವನು, ಒಣಗಿದ್ದಕ್ಕೂ ಕೊಂಕು ತೆಗೆಯುತ್ತಾನೆಂದು ಅವನು.

ಒಂದು ಬೆಳಿಗ್ಗೆ ಹೀಗೇ ಸಾಮಿಲ್ಲಿನಲ್ಲಿ ಕೂಗಾಡಿ ಬಂದ ಬಡಗಿ, ಉಜ್ಜುಗೊರಡು ಹಿಡಿದು ಹಲಗೆಯ ಮೇಲೆ ಬಗ್ಗಿದ. ಎಡಪಕ್ಕೆಯಲ್ಲಿ ಚಳಕ್ ಎಂದಿತು. ಉಸಿರು ಅರ್ಧಕ್ಕೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿದ್ದ. ಪಕ್ಕೆಗೆ ತೂತು ಕೊರೆದು ನಳಿಕೆ ಇಟ್ಟಿದ್ದರು. ಅದರಿಂದ ಬಾಟಲಿಗೆ ರಕ್ತ ಇಳಿಯುತ್ತಿತ್ತು.

"ಎದೆಗೂಡಿನೊಳಗೆ ರಕ್ತ ತುಂಬಿದೆ. ಪೆಟ್ಟು ಬೀಳದೆ ಹೀಗಾಗೋದು ಬಲು ಅಪರೂಪ. ಯಾರು ಹೊಡೆದ್ರು?" ಎಂದರು ಡಾಕ್ಟರಮ್ಮ.

"ನನಗೆ ಹೊಡೆಯೋ ಗಂಡು ಇನ್ನೂ ಹುಟ್ಟಿಲ್ಲ."

"ಹುಟ್ಟಿ ಸಾಮಿಲ್ ಇಟ್ಕೊಂಡಿದ್ದಾನೆ," ಎಂದಳು ಹೆಂಡತಿ. ಅವಳ ಅಣ್ಣ ಆಗಲೇ ಪೊಲೀಸರನ್ನು ಕರೆತರಲು ಹೋಗಿದ್ದ.

ಬಡಗಿ ಪೇಚಿಗೆ ಬಿದ್ದ. ಸುಮ್ಮನಿದ್ದರೆ ಹೊಡೆಯದವನು ಜೈಲಿಗೆ ಹೋಗುತ್ತಾನೆ. ಅವನು ಹೊಡೆದಿಲ್ಲವೆಂದು ಹೇಳಿದರೆ, ಏಟು ತಿಂದ ಅವಮಾನ ಮುಚ್ಚಿಡುತ್ತಿದ್ದಾನೆಂದು ಎಲ್ಲರೂ ಒಳಗೊಳಗೇ ನಗುತ್ತಾರೆ. ಕೊನೆಗೆ, ಹಿಡಿಶಾಪ ಹಾಕಿದ ಬಾಯಲ್ಲೇ ಅವನ ಪರ ವಾದಿಸಿದ.

"ಅವನು ಮೋಸಗಾರ, ಜಿಪುಣ, ಅಳತೆಯಲ್ಲಿ ಕಳ್ಳ. ಆದ್ರೆ ಕೈ ಎತ್ತಿಲ್ಲ. ಬರ್ಕೊಳ್ಳಿ," ಎಂದ ಪೊಲೀಸಿನವನಿಗೆ.

"ಹೆದರ್ಕೋಬೇಡಿ ಭಾವ, ನಾವಿದ್ದೀವಿ," ಎಂದ ಹೆಂಡತಿಯ ಅಣ್ಣ.

"ನಿಮ್ಮಣ್ಣನ ಬಾಯಿಗೂ ಒಂದು ನಳಿಕೆ ಹಾಕಿಸ್ತೀನಿ ನೋಡೇ."

ಯಾರೂ ನಂಬಲಿಲ್ಲ; ಪೊಲೀಸರು ಸಾಮಿಲ್ಲಿನವನನ್ನು ಸ್ಟೇಷನ್ನಿಗೆ ಕರೆದೊಯ್ದರು. ರಕ್ತವೂ ನಿಲ್ಲಲಿಲ್ಲ. ಸ್ಕ್ಯಾನ್ ಮಾಡಿಸಿದ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಪಕ್ಕೆಲುಬಿನ ಒಳಮೈಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿತ್ತು. ಬಗ್ಗಿದಾಗ ಅದೇ ಒಳಗೆ ಗೀರಿತ್ತು.

"ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿದ್ದು ಇದೇ ಮೊದಲು. ಬೇಗ ಆಪರೇಷನ್ ಮಾಡಿ ಕತ್ತರಿಸಬೇಕು. ರುಜು ಹಾಕಿ."

"ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಹೇಳಿ. ಆಮೇಲೆ ರುಜು. ಮತ್ತೆ, ಬರೀ ಕತ್ತರಿಸಿ ಬಿಡಬೇಡಿ, ಉಜ್ಜಿ ನುಣ್ಣಗೆ ಮಾಡಿ."

ಅವರು ಫೋನ್ ಇಡುವವರೆಗೂ ಬಡಗಿ ಪೆನ್ನು ಮುಟ್ಟಲಿಲ್ಲ.

ಆಪರೇಷನ್ ಆದ ಮೂರನೆಯ ದಿನ ಸಾಮಿಲ್ಲಿನವನು ಬಂದ. ಸ್ಟೇಷನ್ನಿನ ಬೆಂಚಿನ ಮೇಲೆ ಅರ್ಧ ದಿನ ಕೂರಿಸಿಕೊಂಡಿದ್ದರಂತೆ. ಬಾಗಿಲಲ್ಲೇ ನಿಂತು, "ಹಾಗಾದ್ರೆ ನಿಜವಾಗ್ಲೂ ನಾನಲ್ವಾ?" ಎಂದ.

"ನೀನಲ್ಲ. ನನ್ನದೇ ಮೂಳೆ."

ಅವನ ಮುಖ ಸಪ್ಪಗಾಯಿತು. "ಎರಡು ದಿನ ಬೀದಿಯವರೆಲ್ಲಾ ನನ್ನ ಕಂಡ್ರೆ ದಾರಿ ಬಿಟ್ಟು ನಿಲ್ತಿದ್ರು ಕಣಯ್ಯಾ."

ಬಡಗಿಗೆ ನಗು ಉಕ್ಕಿತು, ಹೊಲಿಗೆ ಎಳೆಯಿತು. "ನಗಿಸಬೇಡ ಹಾಳಾದವನೇ. ಬಂದು ಕೂತ್ಕೋ," ಎಂದು ಪಕ್ಕೆ ಹಿಡಿದುಕೊಂಡೇ, ಮಂಚದ ಮೇಲೆ ಅವನಿಗೆ ಜಾಗವಾಗುವಂತೆ ಕಾಲು ಮಡಚಿದ.