ಹಿತ್ತಲಿನ ಕೊಳದ ನೀರು ತಿಳಿಯಾಗಲಿಲ್ಲ

ಬಸವನಗುಡಿಯ ನಮ್ಮ ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸುತ್ತೇನೆ ಎಂದಾಗ ನೆಂಟರೆಲ್ಲ ನಕ್ಕರು. ಮೂಗಿಗಿಂತ ಮೂಗುತಿ ಭಾರ ಎಂದರು. ನಗಲಿ. ಕೊಳ ಬೇಕಾಗಿದ್ದದ್ದು ಮೋಜಿಗಲ್ಲ, ನನ್ನ ಜೊತೆಗಿರುವ ಅಕ್ಕನ ಕಾಲಿಗೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಆಪರೇಷನ್ ಆದಮೇಲೆ ಅವಳು ನಡೆಯುವುದನ್ನೇ ಬಿಟ್ಟಿದ್ದಳು. ಮಂಚದಿಂದ ಬಚ್ಚಲಿಗೂ ನನ್ನ ಹೆಗಲೇ ಬೇಕು. ಮೂಲೆಯಲ್ಲಿದ್ದ ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು. ನೀರಿನಲ್ಲಿ ನಡೆಸಿ, ಭಯ ಬಿಡುತ್ತದೆ, ತಡ ಮಾಡಿದರೆ ಆಮೇಲೆ ನಡೆಯುವ ಮಾತೇ ಇಲ್ಲ ಎಂದಿದ್ದರು ಡಾಕ್ಟರು. ಊರವರೆಲ್ಲ ಈಜುವ ಕಡೆಗೆ ಹೋಗಲು ಅಕ್ಕ ಒಪ್ಪಲಿಲ್ಲ.

"ಈ ವಯಸ್ಸಲ್ಲಿ ಒದ್ದೆ ಬಟ್ಟೇಲಿ ಎಲ್ರ ಮುಂದೆ ನಿಂತ್ಕೊಳ್ಲಾ? ಆಗಲ್ಲ ಕಣೇ."

ಹಾಗಾಗಿ ಒಗೆಯುವ ಕಲ್ಲನ್ನೂ ಕರಿಬೇವಿನ ಗಿಡವನ್ನೂ ಕೀಳಿಸಿ, ಎದೆಮಟ್ಟದ ಪುಟ್ಟ ಕೊಳ ಕಟ್ಟಿಸಿದೆ. ಅಡುಗೆಮನೆಯ ಹಿಂಬಾಗಿಲಿನಿಂದ ಅಲ್ಲಿಗೆ ಸಿಮೆಂಟಿನ ಇಳಿಜಾರು ಮಾಡಿಸಿದೆ. ನೀರು ತುಂಬಿದ ದಿನ ಗಂಗೆಪೂಜೆ. ಕುರ್ಚಿ ಸಮೇತ ಎತ್ತಿ ತಂದು ಕೂರಿಸಿದ ಅಕ್ಕ ಅರಿಶಿನ, ಕುಂಕುಮ, ಹೂವು ನೀರಿಗೆ ಬಿಟ್ಟು ಒಂದು ಲೋಟ ಹಾಲು ಎರೆದಳು. ಕೊಳ ಕಟ್ಟಿದ ಕಂಟ್ರಾಕ್ಟರ್ ಕೂಡ ಚಪ್ಪಲಿ ಬಿಟ್ಟು ಕೈಮುಗಿದ.

ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಕದಡಿಕೊಂಡಿತು. ಕಂಟ್ರಾಕ್ಟರ್ ಬಂದ, ಬೋರ್‌ವೆಲ್ ನೀರು ಗಡಸು ಎಂದ. ಖಾಲಿ ಮಾಡಿಸಿ ಟ್ಯಾಂಕರ್ ನೀರು ತುಂಬಿಸಿದೆ. ತಿಳಿಯಾದಂತೆ ಕಂಡು ಮತ್ತೆ ಕದಡಿತು. ಕ್ಲೋರಿನ್ ಕಮ್ಮಿಯಾಗಿದೆ ಎಂದ, ಹಾಕಿದೆ. ಫಿಲ್ಟರ್ ಕಟ್ಟಿಕೊಂಡಿದೆ ಎಂದ, ತೊಳೆಸಿದೆ.

"ತಳ ಕಾಣೋವರ್ಗೂ ದೊಡ್ಡಮ್ಮೋರನ್ನ ಇಳಿಸ್ಬೇಡಿ ಮೇಡಂ. ಮೆಟ್ಲು ಕಾಣ್ದೆ ಮತ್ತೆ ಜಾರಿದ್ರೆ ಕಷ್ಟ," ಎಂದು ಹೇಳಿ ಬೈಕು ಹತ್ತುತ್ತಿದ್ದ.

ನನಗೆ ಸಾಕುಸಾಕಾಗಿ ಹೋಗಿತ್ತು. ದಿನವಿಡೀ ಪಂಪಿನ ಸದ್ದು. ಎಷ್ಟು ತಿಕ್ಕಿದರೂ ಕೈಯಿಂದ ಕ್ಲೋರಿನ್ ವಾಸನೆ ಹೋಗುತ್ತಿರಲಿಲ್ಲ, ಕಲಸಿದ ಅನ್ನಕ್ಕೂ ಅದೇ ವಾಸನೆ. ಅಕ್ಕ ಮಂಚದ ಮೇಲಿಂದಲೇ "ಸರಿಹೋಯ್ತೇನೇ?" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅದರ ಜೊತೆಗೆ ಮನೆಯಲ್ಲಿ ಹಾಲು ಬೇರೆ ಸಾಲುತ್ತಿರಲಿಲ್ಲ. ಪಕ್ಕದ ಮನೆಯ ಬೆಕ್ಕಿಗೆ ಬಾಯಿಗೆ ಬಂದಂತೆ ಬೈದೆ.

ದಿನಾ ಬೆಳಿಗ್ಗೆ ನಾನು ಪೂಜೆಯ ಹೂವಿಗೆಂದು ಗಾಂಧಿಬಜಾರಿಗೆ ಹೋಗುತ್ತೇನೆ. ಒಂದು ದಿನ ಚೀಲ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಮಂಚ ಖಾಲಿಯಿತ್ತು. ಹಿಂಬಾಗಿಲಿಗೆ ಓಡಿದರೆ, ಅಕ್ಕ ಕೊಳದ ಅಂಚಿನಲ್ಲಿ ನಿಂತಿದ್ದಾಳೆ. ಒಂದು ಕೈ ವಾಕರ್ ಮೇಲೆ. ವಾಕರಿಗೆ ತಗುಲಿಸಿದ ಬಟ್ಟೆಚೀಲದಿಂದ ಮುಚ್ಚಳದ ಸ್ಟೀಲ್ ಡಬ್ಬಿ ತೆಗೆದು, ಹಾಲನ್ನು ನಿಧಾನವಾಗಿ ಕೊಳಕ್ಕೆ ಎರೆಯುತ್ತಿದ್ದಾಳೆ.

"ಅಕ್ಕಾ! ದಿನಾ ಇದೇನಾ ನೀನ್ ಮಾಡ್ತಿದ್ದಿದ್ದು?"

ಅವಳು ಬೆಚ್ಚಲೂ ಇಲ್ಲ. "ಒಂದಿನ ಪೂಜೆ ಮಾಡಿ ಮರೆತ್ಬಿಟ್ರೆ ಗಂಗಮ್ಮ ಒಲೀತಾಳೇನೇ? ನೀರು ಸರಿಹೋಗ್ಲಿ ಅಂತ ಬೇಡ್ಕೊಂಡು ಬಿಡ್ತಿದ್ದೆ. ನೀನು ಒದ್ದಾಡೋದನ್ನ ನೋಡಕ್ಕಾಗ್ತಿರ್ಲಿಲ್ಲ."

ಬೈಯಲು ಬಾಯಿ ತೆರೆದೆ. ಟ್ಯಾಂಕರು, ಕ್ಲೋರಿನ್ನು, ಪಾಪದ ಬೆಕ್ಕು, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಪಾದ ಕಂಡಿತು. ಮಂಚದಿಂದ ಹಾಲ್, ಹಾಲ್‌ನಿಂದ ಅಡುಗೆಮನೆ, ಆಮೇಲೆ ಇಳಿಜಾರು. ಯಾರ ಹೆಗಲೂ ಇಲ್ಲದೆ ದಿನಾ ನಡೆದು ಬಂದಿದ್ದಾಳೆ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಸಿಟ್ಟಿಗೋ, ಸುಸ್ತಿಗೋ, ಸಂತೋಷಕ್ಕೋ, ಎಲ್ಲಕ್ಕೂ ಇರಬೇಕು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದೆ: "ನಾಳೆಯಿಂದ ಕೊಳಕ್ಕೆ ಬೇಡ. ಮುಂದಿನ ಗೇಟ್ ಹತ್ರ ಪಾರಿಜಾತ ಇದ್ಯಲ್ಲ, ಅದರ ಬುಡಕ್ಕೆ ಹಾಕು. ಗಂಗಮ್ಮಂಗೇ ಸೇರತ್ತೆ."

"ಗೇಟ್ ಹತ್ರಾನಾ? ಅಷ್ಟು ದೂರ ನನ್ ಕೈಲಿ ನಡಿಯಕ್ಕಾಗತ್ತೇನೇ?" ಎಂದು ಗೊಣಗುತ್ತ ಅಕ್ಕ ವಾಕರ್ ತಿರುಗಿಸಿಕೊಂಡಳು. ಕೈ ಕೊಡಲು ಎದ್ದ ನನ್ನನ್ನು "ದಾರಿ ಬಿಡೇ" ಎಂದು ಸರಿಸಿ, ಇಳಿಜಾರು ಹತ್ತಿ ಒಳಗೆ ಹೋದಳು.