ಓಗೊಡಬಾರದ ಕರೆ

ಚಿಂತಾಮಣಿಗೆಂದು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದ್ದೆ. ಯಾರೋ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದನ್ನು ತಂದು ನನ್ನ ಕಾಲಿನ ಪಕ್ಕದಲ್ಲೇ ಇಳಿಸಿದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ಮೇಲೂರು ಕಣ್ಣೆದುರು ಬಂತು. ನಿಮಗೂ ಇಂಥದೊಂದು ಊರು ಇದ್ದೀತು. ದಾರಿ ಚೆನ್ನಾಗಿ ಗೊತ್ತಿದ್ದೂ ಹೋಗದೆ ಉಳಿಯುವ ಊರು.

ನನ್ನ ಕಸುಬು ವಸ್ತುಗಳನ್ನು ವಿನ್ಯಾಸ ಮಾಡುವುದು. ಅಮ್ಮ ಇದನ್ನು ಗೌರಿಬಿದನೂರಿನ ನೆಂಟರಿಗೆಲ್ಲ "ಡಬ್ಬ ಮಾಡೋ ಕೆಲ್ಸ" ಎಂದೇ ಹೇಳಿಕೊಂಡು ಬಂದಿದ್ದಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ಆಗ ನಾವು ಮಾಡುತ್ತಿದ್ದದ್ದು ಡಬ್ಬವೇ, ರೇಷ್ಮೆ ಹುಳು ಸಾಕುವ ಮನೆಯಲ್ಲಿ ಸೆಕೆ ಮಿತಿಮೀರಿದರೆ ಎಚ್ಚರಿಸುವ ಡಬ್ಬ. ಅದು ಎಚ್ಚರಿಸಿದೊಡನೆ ಕಿಟಕಿಗೆ ಕಟ್ಟಿದ ಗೋಣಿಗೆ ನೀರು ಹಾಕಬೇಕು, ಇಲ್ಲದಿದ್ದರೆ ಬೆಳೆಯೇ ಕೈಬಿಟ್ಟು ಹೋಗಬಹುದು. ಅಂಗಡಿಯಲ್ಲಿ ಸಿಗುವ ಡಬ್ಬಗಳು ಕುಂಯ್‌ಗುಟ್ಟಿ ಕೆಂಪು ದೀಪ ಮಿನುಗಿಸುತ್ತವೆ, ಅಷ್ಟೆ. ನಾನೋ, ಜನರ ಬದುಕಿಗೆ ಒಗ್ಗುವ, ಅವರ ನಡೆನುಡಿಯನ್ನು ಉಳಿಸುವ ವಸ್ತುವನ್ನೇ ಮಾಡುತ್ತೇನೆಂದು ಹೊರಟವಳು. ಸಭೆಗಳಲ್ಲಿ ಈ ಮಾತು ಹೇಳುವಾಗ ನನ್ನ ಕುತ್ತಿಗೆ ಒಂದಿಷ್ಟು ಉದ್ದವಾಗುತ್ತಿತ್ತು.

ಮೇಲೂರಿನ ನಾರಾಯಣಮ್ಮನ ಮನೆಯಲ್ಲಿ ವಾರಗಟ್ಟಲೆ ಕೂತು ನೋಡಿದೆ. ಆಕೆಯ ಅತ್ತೆ ಅಕ್ಕಯ್ಯಮ್ಮ ಜಗಲಿ ಬಿಟ್ಟು ಏಳಲಾರದ ಮುದುಕಿ. ಸೆಕೆ ಏರಿದ್ದು ಅವರಿಗೆ ಮೈಯಿಂದಲೇ ತಿಳಿಯುತ್ತಿತ್ತು. "ನಾರಾಯಣಮ್ಮೋ" ಎಂದು ಕೂಗುವರು. ಸೊಸೆ ಎಲ್ಲೇ ಇರಲಿ "ಓ ಅತ್ತೆ" ಎನ್ನಬೇಕು. ಓ ಕೇಳಿಸುವವರೆಗೆ ಕೂಗು ನಿಲ್ಲದು, ಕೇಳಿಸಿದ ಮೇಲೆ ಇನ್ನೊಂದು ಮಾತಿಲ್ಲ. ನನಗೆ ಬೇಕಾದದ್ದು ಸಿಕ್ಕೇಬಿಟ್ಟಿತು! ನನ್ನ ಡಬ್ಬ ಅತ್ತೆಯ ದನಿಯಲ್ಲೇ ಕರೆಯುತ್ತದೆ, ಯಾರಾದರೂ ಓ ಎನ್ನುವವರೆಗೆ ಕರೆಯುತ್ತಲೇ ಇರುತ್ತದೆ. ಸೊಪ್ಪು ಹಿಡಿದ ಕೈಯಿಂದ ಗುಂಡಿ ಒತ್ತುವ ರಗಳೆಯೂ ಇಲ್ಲ.

ದನಿ ಹಿಡಿಯುವ ದಿನ ಮುದುಕಿ ತಲೆ ಬಾಚಿಸಿಕೊಂಡು ಕೂತಿದ್ದರು. "ಏಮಮ್ಮಾ, ನಾನು ಬಾಯಿ ಬಿಟ್ರೆ ನಿನ್ ಡಬ್ಬ ಒಡೆದೋಗಲ್ವ?" ಎಂದು ನಕ್ಕರು. ಆಮೇಲೆ ಮೈಕಿಗೆ ಹೆದರಿದರೋ ಏನೋ, ಮಗು ಎಬ್ಬಿಸುವಷ್ಟು ಮೆಲ್ಲಗೆ ಹೇಳಿದರು: "ನಾರಾಯಣಮ್ಮೋ, ಸೆಕೆ ಆಗ್ತೈತೆ, ಗೋಣಿ ನೆನ್ಸಮ್ಮ."

ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮ ನನ್ನ ಕಿವಿಯಲ್ಲಿ ಅಂದಳು: "ಮದ್ವೆಯಾಗಿ ನಲವತ್ತು ವರ್ಷಕ್ಕೆ ಇವತ್ತೇ ಕಣಮ್ಮ ಇಷ್ಟು ಮೆತ್ತಗೆ ಕರೆದಿದ್ದು."

ಡಬ್ಬವನ್ನು ಹುಳುಮನೆಯ ಗೋಡೆಗೆ ತೂಗುಹಾಕಿದ ಬೇಸಗೆಯಲ್ಲೇ ಅಕ್ಕಯ್ಯಮ್ಮ ತೀರಿಕೊಂಡರು. ಒಂಬತ್ತನೆಯ ದಿನ ಬೆಳಿಗ್ಗೆ ನಾರಾಯಣಮ್ಮನ ಫೋನು: "ಅತ್ತೆ ಕರೀತಾನೇ ಅವ್ರೆ. ಬಂದು ಏನಾದ್ರೂ ಮಾಡಮ್ಮ." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಹೋದಾಗ ಮಟಮಟ ಮಧ್ಯಾಹ್ನ. ಹುಳು ನಾಲ್ಕನೆಯ ಜ್ವರ ಎದ್ದಿದ್ದವು. ಪೊರೆ ಕಳಚುವುದನ್ನು ಇಲ್ಲಿ ಜ್ವರವೆಂದೇ ಕರೆಯುತ್ತಾರೆ. ಇನ್ನೈದು ದಿನಕ್ಕೆ ಗೂಡು ಕಟ್ಟುವ ಹುಳು, ಸೂತಕವೆಂದು ಕಾಯುವುದಿಲ್ಲ. ಡಬ್ಬ ನಿಲ್ಲಿಸಿದರೆ ಸೆಕೆ ತಿಳಿಯದು, ನಿಲ್ಲಿಸದಿದ್ದರೆ ಸತ್ತವರು ಕರೆಯುತ್ತಾರೆ. ನಾರಾಯಣಮ್ಮ ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಗೋಣಿಗೆ ನೀರು ಎರಚುತ್ತಿದ್ದಳು. ಗೋಣಿ ತೊಟ್ಟಿಕ್ಕುತ್ತಿದ್ದರೂ ಡಬ್ಬ ಬಿಡಲಿಲ್ಲ. "ನಾರಾಯಣಮ್ಮೋ..." ಎರಡನೆಯ ಸಲಕ್ಕೆ ಕೊಂಚ ಜೋರು, ಮೂರನೆಯ ಸಲಕ್ಕೆ ಇನ್ನೂ ಜೋರು. ಹಾಗೆ ಏರಿಸುವಂತೆ ಮಾಡಿದ್ದವಳು ನಾನೇ. ಹುಳು ಸೊಪ್ಪು ಮೇಯುವ ಸದ್ದಿನ ನಡುವೆ ಆ ದನಿ ಗೋಡೆಯಿಂದಲ್ಲ, ತಟ್ಟೆಗಳ ಅಡಿಯಿಂದ ಏಳುವಂತಿತ್ತು. ನಾರಾಯಣಮ್ಮನ ಕಣ್ಣಲ್ಲಿ ನೀರಿತ್ತು.

ತಡೆಯಲಾರದೆ ನಾನೇ "ಓ" ಎಂದೆ.

ದನಿ ನಿಂತಿತು. ಅದರ ಜೊತೆಗೆ ಮೇಯುವ ಸದ್ದೂ ನಿಂತಿತು. ಅಷ್ಟೂ ತಟ್ಟೆಗಳ ಹುಳುಗಳು ತಲೆ ಎತ್ತಿಕೊಂಡಿದ್ದವು. ಸದ್ದಿಗೆ ಹುಳು ತಲೆ ಎತ್ತುವುದುಂಟೆಂದು ಎಲ್ಲೋ ಓದಿದ್ದೆ, ಆದರೆ ಆ ಹೊತ್ತಿಗೆ ಓದಿದ್ದೇನೂ ನೆರವಿಗೆ ಬರಲಿಲ್ಲ.

"ಅಯ್ಯೋ, ನೀನ್ಯಾಕಮ್ಮ ಓ ಅಂದೆ?" ನಾರಾಯಣಮ್ಮ ನನ್ನನ್ನು ಕೈಹಿಡಿದು ಹೊರಗೆಳೆದು ತಲೆಯ ಮೇಲೆ ಒಂದು ಚೊಂಬು ನೀರು ಸುರಿದೇಬಿಟ್ಟಳು.

ಅವಳು ಒಳಗೆ ಬಟ್ಟೆ ತರಲು ಹೋದಾಗ ನಾನು ಒದ್ದೆ ತಲೆಯಲ್ಲೇ ಡಬ್ಬ ಬಿಚ್ಚಿದೆ. ದನಿ ಅಳಿಸಿ ಗಂಟೆಯ ಸದ್ದು ತುಂಬಿದೆ. ಲ್ಯಾಪ್‌ಟಾಪಿನಲ್ಲಿದ್ದ ಮೂಲವನ್ನೂ ಉಳಿಸಲಿಲ್ಲ. ನಾರಾಯಣಮ್ಮನನ್ನು ಕೇಳಲಿಲ್ಲ. ಅವಳಿಗೆ ಉಪಕಾರ ಮಾಡಿದೆನೆಂದು ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದವಳು ನಾನು.

ನಾಲ್ಕು ದಿನ ಬಿಟ್ಟು ಮತ್ತೆ ಫೋನು ಬಂತು.

"ಕಾರ್ಯ ಮುಗೀತು ಕಣಮ್ಮ. ಅತ್ತೆ ದನೀನ ಒಂದ್ಸಲ ಹಾಕ್ಕೊಡ್ತೀಯಾ?"

"ಅದನ್ನ ಅಳಿಸ್ಬಿಟ್ಟೆ ಅಕ್ಕ. ನಿಮಗೆ ಭಯ ಅಂತ..."

ನಾರಾಯಣಮ್ಮ ಹೇಳಿದಳು: "ಕಾರ್ಯ ಆಗೋವರ್ಗೂ ಓ ಅನ್ಬಾರ್ದು, ಅಷ್ಟೇನೆ. ಓ ಅಂದ್ಬಿಟ್ರೆ ಅವ್ರು ಹೊಸ್ಲು ದಾಟಿ ಹೋಗಲ್ಲ. ಆದ್ಮೇಲೆ ಒಂದ್ಸಲ ಓ ಅಂದು ಕಳಿಸ್ಕೊಡಣ ಅಂತಿದ್ದೆ. ಅಷ್ಟು ಮೆತ್ತಗೆ ಕರೀತಿದ್ರು, ಬಾಯಿ ಕಚ್ಕೊಂಡು ತಡ್ಕೊಂಡಿದ್ದೆ. ಈಗ ಎಲ್ಲಿಗೆ ಹೋಗಿ ಓ ಅನ್ಲಿ?"

ಕ್ಷಮಿಸಿ ಎಂದೂ ಹೇಳದೆ ಫೋನು ಇಟ್ಟುಬಿಟ್ಟೆ. ಅಂದಿನಿಂದ ಮೇಲೂರಿನ ಕಡೆ ತಲೆ ಹಾಕಿರಲಿಲ್ಲ.

ಇವತ್ತು ಚಿಂತಾಮಣಿಯವರೆಗೆ ಹೋಗದೆ ನಡುವೆ ಶಿಡ್ಲಘಟ್ಟದಲ್ಲಿ ಇಳಿದು ಮೇಲೂರಿಗೆ ಹೋದೆ. ನಾರಾಯಣಮ್ಮ "ಸೊರಗಿದೀಯಲ್ಲೇ" ಎಂದು ಮಜ್ಜಿಗೆ ಕೊಟ್ಟಳು. ಹುಳುಮನೆಯ ಬಾಗಿಲಲ್ಲಿ ಕೂತು ಇಬ್ಬರೂ ಸೊಪ್ಪು ಬಿಡಿಸಿದೆವು. ಎರಡು ವರ್ಷದಿಂದ ಹೇಳದೆ ಉಳಿದಿದ್ದ ಕ್ಷಮೆಯ ಮಾತನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆ ಎತ್ತಿ, "ಓ ಅತ್ತೆ, ಬಂದೆ" ಎಂದಳು.

ನನಗೇನೂ ಕೇಳಿಸಿರಲಿಲ್ಲ. ಅವಳು ಎದ್ದುಹೋಗಿ ನಾಲ್ಕೂ ಕಿಟಕಿಯ ಗೋಣಿಗಳಿಗೆ ನಿಧಾನವಾಗಿ ನೀರು ಹಾಕಿ, ಖಾಲಿ ಬಿಂದಿಗೆ ಹಿಡಿದು ಹಿಂತಿರುಗಿದಳು. ಅವಳು ಬಂದು ಕೂತ ಮೇಲೆ ಒಳಗೆ ಗಂಟೆ ಹೊಡೆಯಿತು.

"ನಿನ್ ಡಬ್ಬ ಯಾವಾಗ್ಲೂ ಒಂದ್ ಗಳಿಗೆ ತಡ ಕಣಮ್ಮ" ಎಂದು ನಕ್ಕಳು.

ಸರಿಮಾಡಿಕೊಡುತ್ತೇನೆ ಎಂದು ನಾನು ಹೇಳಲಿಲ್ಲ.