ಡೋರಾ ಮಿಸ್ಸಿಗೆ ಸಿಗದ ಆಸ್ಟ್ರೇಲಿಯಾ

ಮೂರು ದಿನದಿಂದ ಶೀತ. ಬೆಳಿಗ್ಗೆ ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ತಲೆಗೆ ಟವೆಲ್ ಹೊದ್ದು ಕೂತೆ. ಮೂಗು ಬಿಡಲಿಲ್ಲ; ಹಿಂದೂಪುರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿ ಮಾತ್ರ ಕಣ್ಣ ಮುಂದೆ ಬಂತು. ಅಲ್ಲಿ ಡೋರಾ ಮಿಸ್ಸಿನ ಮನೆಯಿತ್ತು. ಅವರ ಕರ್ಚೀಫಿಗೆ ಸದಾ ಇದೇ ವಾಸನೆ.

"ಈ ನೀಲಗಿರಿ ಮರ ಆಸ್ಟ್ರೇಲಿಯಾದ್ದು ಕಣಮ್ಮ. ಇಲ್ಲಿಗೆ ಬರೋವಾಗ ಇದರ ಬಣ್ಣ ಯಾರೂ ಕೇಳಲಿಲ್ಲ," ಎಂದು ಮಿಸ್ಸು ಒಮ್ಮೆ ಅಂದಿದ್ದರು. ನನಗಾಗ ಹದಿಮೂರು ವರ್ಷ. ಏನೂ ಅರ್ಥವಾಗಿರಲಿಲ್ಲ.

ನಮ್ಮೂರು ಕಲ್ಯಾಣದುರ್ಗ. ಓದಲೆಂದು ನನ್ನನ್ನು ಹಿಂದೂಪುರದ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಕತ್ತಿಗೆ ಇಂಗ್ಲಿಷಿನಲ್ಲಿ 'ಕ್ನೈಫ್' ಎನ್ನುವಷ್ಟು ನನ್ನ ಇಂಗ್ಲಿಷು ಗಟ್ಟಿಯಾಗಿದ್ದರಿಂದ, ಅತ್ತೆ ಪಕ್ಕದ ಮನೆಯ ಡೋರಾ ಮಿಸ್ಸಿನ ಹತ್ತಿರ ಪಾಠಕ್ಕೆ ಹಾಕಿದರು. ಮಿಸ್ಸು ಆಂಗ್ಲೋ ಇಂಡಿಯನ್. ಅವರಪ್ಪ ರೈಲು ಎಂಜಿನ್ ಡ್ರೈವರಾಗಿದ್ದವರು. ಮಿಸ್ಸು ಫ್ರಾಕು ತೊಡುತ್ತಿದ್ದರು, ಕನ್ನಡ ತೆಲುಗು ಎರಡನ್ನೂ ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು. ಬಣ್ಣ ನನ್ನ ಹಾಗೇ, ಎಣ್ಣೆಗಪ್ಪು.

ಅವರಿಗೊಬ್ಬ ಅಕ್ಕ, ಹೆಸರು ಐವಿ. ಆಕೆ ಇದ್ದದ್ದು ಆಸ್ಟ್ರೇಲಿಯಾದಲ್ಲಿ. "ನೀವ್ಯಾಕೆ ಹೋಗಲಿಲ್ಲ ಮಿಸ್?" ಎಂದು ಒಂದು ಸಂಜೆ ಕೇಳಿಬಿಟ್ಟೆ. ಮಿಸ್ಸು ಕನ್ನಡಕ ತೆಗೆದಿಟ್ಟರು.

"ಇಬ್ರೂ ಅರ್ಜಿ ಹಾಕಿದ್ವಿ. ಆಗ ಆ ದೇಶಕ್ಕೆ ಬೆಳ್ಳಗಿರೋರು ಮಾತ್ರ ಬೇಕಾಗಿತ್ತು. ಇಂಟರ್‌ವ್ಯೂಗೆ ಕರೆದು ಮುಖ ನೋಡಿದ್ರು, ಅಜ್ಜ ಅಜ್ಜಿ ಯಾರು ಅಂತ ಕೇಳಿದ್ರು. ಅಕ್ಕ ಅಮ್ಮನ ಥರ, ಬೆಳ್ಳಗೆ. ನಾನು ಅಪ್ಪನ ಥರ. ಅವಳಿಗೆ ಬಾ ಅಂದ್ರು, ನಂಗೆ ಬ್ಯಾಡ ಅಂದ್ರು."

ಒಂದೇ ತಾಯಿಯ ಮಕ್ಕಳು! ಅಕ್ಕ ತಾನೂ ಹೋಗುವುದಿಲ್ಲವೆಂದು ಅತ್ತಳಂತೆ. ಅವಳ ಟ್ರಂಕು ಹಿಡಿದು ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿದ್ದು ಮಿಸ್ಸೇ. ಮುಂದೆ ಆ ದೇಶದ ಕಾನೂನು ಬದಲಾಯಿತು. ಈಗ ಬಣ್ಣ ನೋಡುವುದಿಲ್ಲ, ಬಾ, ಎಂದು ಅಕ್ಕ ಬರೆದಳು. ಮಿಸ್ಸು ಹೋಗಲಿಲ್ಲ. "ಹಚಾ ಅಂದಾಗ ಓಡಿ, ತೂ ತೂ ಅಂದಾಗ ಬರೋಕೆ ನಾನೇನು ನಾಯೀನಾ?" ಎಂದು ನನ್ನನ್ನೇ ಗದರಿದರು.

ಅವರ ಕಣ್ಣಿಗೆ ಪೊರೆ ಬಂದಾಗ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕ್ರಿಸ್‌ಮಸ್ಸಿಗೆ ಅಕ್ಕನಿಂದ ನಾಲ್ಕು ಪುಟ ಬರುತ್ತಿತ್ತು. ಮಿಸ್ಸು ಹೇಳಿ ಬರೆಸುತ್ತಿದ್ದದ್ದು ಇಂಗ್ಲಿಷಿನಲ್ಲಿ ಮೂರು ಸಾಲು. ಕ್ಷೇಮ, ಮಳೆ ಕಡಿಮೆ, ದೇವರು ಒಳ್ಳೆಯದು ಮಾಡಲಿ. ಆ ವರ್ಷ ನಾನು ನಾಲ್ಕನೆಯ ಸಾಲೊಂದನ್ನು ಕದ್ದು ಸೇರಿಸಿದೆ: 'ಮಿಸ್ಸು ನಿಮ್ಮ ಫೋಟೊ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ.' ಅದು ನಿಜವೇ ಆಗಿತ್ತು. ಪೋಸ್ಟ್ ಡಬ್ಬಿಗೆ ಹಾಕಿ ಬಂದ ಮೇಲೆ ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ಎರಡು ತಿಂಗಳಿಗೆ ಮಿಸ್ಸಿನ ಮನೆಯ ಮುಂದೆ ಜಟಕಾ ನಿಂತಿತು. ಬೆಳ್ಳಿಕೂದಲಿನ, ಕೆಂಪಗಿನ ಹೆಂಗಸೊಬ್ಬರು ಇಳಿದು, "ಡೋರಾ, ಬಂದ್ಬುಟ್ಟೆ ಕಣೇ!" ಎಂದರು. ಪೂರಾ ನಮ್ಮ ಹಿಂದೂಪುರದ ಕನ್ನಡ! ಮಿಸ್ಸು ಬಾಗಿಲು ಹಿಡಿದು ನಿಂತೇ ಇದ್ದರು.

"ಈಗ ನೆನಪಾಯ್ತಾ?" ಎಂದರು ಮಿಸ್ಸು.

"ರಮ್ಮಂಟೆ ನುವ್ವು ರಾಲೇದು. ಕರೆದರೆ ನೀನು ಬರಲಿಲ್ಲ, ನಾನೇ ಬಂದೆ." ಐವಿ ಅಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟರು. "ಒಂದು ಮಾತು ಹೇಳ್ತೀನಿ, ಆಮೇಲೆ ಬೇಕಾದ್ರೆ ಹೊರಗೆ ಹಾಕು. ಅಲ್ಲಿ ಬಾಳ ವರ್ಷ ನಿನ್ನ ಫೋಟೊ ಟ್ರಂಕಿನಲ್ಲೇ ಇಟ್ಟಿದ್ದೆ. ಗೋಡೆಗೆ ಹಾಕಿದ್ರೆ, ಈ ಕಪ್ಪು ಹುಡುಗಿ ಯಾರು ಅಂತ ಕೇಳ್ತಾರೆ ಅಂತ ಭಯ."

ಮಿಸ್ಸು ಬಾಗಿಲು ಬಿಡದೆಯೇ, "ಈಗ?" ಎಂದರು.

"ಈಗ ಹಾಲ್‌ನಲ್ಲಿ ನೇತಾಕಿದೀನಿ. ಬಂದೋರಿಗೆಲ್ಲ ನಾನೇ ತೋರಿಸ್ತೀನಿ, ನನ್ನ ತಂಗಿ ಅಂತ."

ಮಿಸ್ಸು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಒಳಗೆ ಹೋಗುತ್ತಾ ಐವಿ ಅಮ್ಮ ನನ್ನ ಕಿವಿ ಹಿಂಡಿ, "ದಿಂಬಿನ ಸ್ಪೆಲ್ಲಿಂಗು ತಪ್ಪು," ಎಂದು ಪಿಸುಗುಟ್ಟಿದರು.

ಕಣ್ಣಿನ ಪೊರೆ ತೆಗೆಸಿಕೊಂಡು, ಅಕ್ಕನ ಜೊತೆ ಮಿಸ್ಸು ಮೂರು ತಿಂಗಳು ಆಸ್ಟ್ರೇಲಿಯಾ ನೋಡಿಕೊಂಡು ಬಂದರು. "ಅಲ್ಲಿನ ಏರ್‌ಪೋರ್ಟ್ ಕೌಂಟರಿನಾಗೆ ಇದ್ದ ಹುಡುಗಿ ನನಗಿಂತ ಕಪ್ಪು ಕಣಮ್ಮ. ನಗ್ತಾ ಸೀಲು ಒತ್ತಿದಳು," ಎಂದು ಬೀದಿಯವರಿಗೆಲ್ಲ ಹೇಳಿದರು. ಅಲ್ಲೇ ಇರಬಹುದಿತ್ತಲ್ಲ ಎಂದು ಅತ್ತೆ ಕೇಳಿದರೆ, "ಇರ್ಬೌದು ಅಂದ್ರಲ್ಲ, ಅಷ್ಟು ಸಾಕಾಯ್ತು. ನನ್ನ ಊರು ಇದು," ಎಂದರು. ಕೊನೆಯವರೆಗೂ ಹಿಂದೂಪುರದಲ್ಲೇ ಇದ್ದರು.

ನಾನೀಗ ಕಲ್ಯಾಣದುರ್ಗದಲ್ಲಿ ಸಮಾಜಪಾಠದ ಮೇಷ್ಟರಮ್ಮ. ನಾಚಿಕೆ ಬಿಟ್ಟು ಹೇಳುತ್ತೇನೆ, ಇಷ್ಟು ವರ್ಷವೂ ಆಸ್ಟ್ರೇಲಿಯಾ ಎಂದರೆ ಉಣ್ಣೆ, ಗೋಧಿ, ಕಾಂಗರೂ ಎಂದು ಪಾಠ ಮುಗಿಸಿದವಳು ನಾನು. ಕಳೆದ ತಿಂಗಳು ಐವಿ ಅಮ್ಮನ ಮೊಮ್ಮಗಳು ಲಿನ್ ಅಜ್ಜಿಯ ಊರು ನೋಡಲು ಬಂದಳು. ಅವಳೂ ಟೀಚರು. ಹಿಂದೂಪುರ ತೋರಿಸಿ, ನನ್ನ ಕ್ಲಾಸಿಗೂ ಕರೆದುಕೊಂಡು ಹೋದೆ. ಬ್ರಹ್ಮಸಮುದ್ರದಿಂದ ಬಸ್ಸಿನಲ್ಲಿ ಬರುವ ಲಕ್ಷ್ಮಿ ಎದ್ದು ನಿಂತಳು.

"ಮೇಡಂ, ಇವ್ರು ಆಸ್ಟ್ರೇಲಿಯಾದೋರ್ ತರ ಕಾಣಲ್ವಲ್ಲ?"

ನಾನು ಮುಜುಗರಪಡುತ್ತಲೇ ಅನುವಾದಿಸಿದೆ. ಲಿನ್ ಜೋರಾಗಿ ನಕ್ಕಳು. ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಮೇಲೆ ತನ್ನ ದೇಶದ ನಕ್ಷೆ ಬರೆದಳು. ಅಜ್ಜಿ ಇಲ್ಲಿಂದ ಹೋದದ್ದು, ಅಪ್ಪ ಚಿಕ್ಕಂದಿನಲ್ಲಿ ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದದ್ದು ಹೇಳಿದಳು. ಡೋರಾ ಅಜ್ಜಿಗೆ ಬೇಡ ಎಂದ ಕಥೆಯನ್ನೂ ಮುಚ್ಚಿಡಲಿಲ್ಲ. "ನಮಗೆಲ್ಲರಿಗಿಂತ ಸಾವಿರಾರು ವರ್ಷ ಮುಂಚೆಯಿಂದ ಅಲ್ಲಿ ಇದ್ದವರು ಮೂಲನಿವಾಸಿಗಳು. ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ನಮ್ಮ ಶಾಲೆಯಲ್ಲಿ ಸಭೆ ಶುರುವಾಗುವುದು ಅವರ ನೆಲವೆಂದು ನೆನೆದ ಮೇಲೆ. ಇನ್ನೂ ಮಾಡಬೇಕಾದ್ದು ಬಹಳವಿದೆ, ಕಲಿಯುತ್ತಿದ್ದೇವೆ," ಎಂದಳು.

ನಿನ್ನೆ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. ಆಸ್ಟ್ರೇಲಿಯಾದ ಜನರ ಬಗ್ಗೆ ಬರೆಯಿರಿ ಎಂದು ಕೇಳಿದ್ದೆ. ಲಕ್ಷ್ಮಿ ಬರೆದಿದ್ದಳು: 'ಆಸ್ಟ್ರೇಲಿಯಾದ ಜನ ಎಲ್ಲಾ ಬಣ್ಣದಲ್ಲೂ ಇರುತ್ತಾರೆ. ಮೊದಲು ಅದು ಅವರಿಗೇ ಗೊತ್ತಿರಲಿಲ್ಲ.'

ಪೂರ್ತಿ ಅಂಕ ಕೊಟ್ಟೆ.